ಅಕ್ಕನ ಎಡಗೈಯ ವಾಚು

ಅಕ್ಕ, ನಿನ್ನ ಎಡಗೈಯಲ್ಲಿರುವ ವಾಚು ಭಾವನದಲ್ಲ. ಬೆಲ್ಟು ಮಾತ್ರ ಭಾವನದು, ಉಳಿದದ್ದೆಲ್ಲ ನಾನು ಕೂತು ಹೊಂದಿಸಿದ್ದು. ಭಾವನ ವಾಚು ಪಾಂಡವಪುರದಲ್ಲಿ, ನನ್ನ ಬೀರುವಿನಲ್ಲಿ, ಹಳೆಯ ಬನಿಯನ್ನುಗಳ ಕೆಳಗೆ ಇದೆ. ಹೆಚ್ಚುಕಡಿಮೆ ಮೂರು ವರ್ಷದಿಂದ ಅಲ್ಲೇ ಇದೆ.

ಹೇಳಿಕೊಂಡರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಮೇಲಿನ ಸಾಲುಗಳನ್ನು ಬರೆದು, ಎದ್ದು ಹೋಗಿ ನೀರು ಕುಡಿದು ಬಂದೆ — ಅಷ್ಟೆ. ನಿನ್ನ ಎದುರು ಕೂತರೆ ನಾಲಿಗೆ ಹೊರಳುವುದಿಲ್ಲ ಎಂದು ಗೊತ್ತು. ಅದಕ್ಕೇ ಮೊದಲು ಇಲ್ಲಿ ಹೇಳಿ ನೋಡುತ್ತಿದ್ದೇನೆ.

ಆ ವಾಚು ಮೊದಲು ಓಡಿದ್ದು ನನ್ನ ಕೈಯಲ್ಲಿ. ನಿನಗೆ ನೆನಪಿದೆಯೋ ಇಲ್ಲವೋ — ಗಂಡಿಗೆ ಹೆಣ್ಣಿನ ಕಡೆಯವರು ವಾಚು ಕೊಡಬೇಕೆಂದು ಅಪ್ಪ ಮೈಸೂರಿಗೆ ಹೋಗಿ ಅದನ್ನು ತಂದಿದ್ದರು. ಆಟೊಮ್ಯಾಟಿಕ್ ವಾಚು. ಬ್ಯಾಟರಿಯ ಶೆಲ್ಲು ಬೇಡ, ದಿನಾ ಕೀ ಕೊಡುವುದೂ ಬೇಡ. ಕಟ್ಟಿಕೊಂಡವರ ಕೈ ಆಡಿದ ಹಾಗೆ ಒಳಗೊಂದು ತೂಕದ ಬಿಲ್ಲೆ ತಿರುಗುತ್ತದೆ, ಅದರಿಂದಲೇ ಕೀ ತುಂಬಿಕೊಳ್ಳುತ್ತದೆ. ಕೈಯಿಂದ ಬಿಚ್ಚಿಟ್ಟರೆ ಒಂದೂವರೆ ದಿನಕ್ಕೆಲ್ಲ ನಿಂತುಬಿಡುತ್ತದೆ. ನಿಂತ ವಾಚನ್ನು ಮದುವೆಯಲ್ಲಿ ಅಳಿಯನ ಕೈಗೆ ಕಟ್ಟಬಾರದೆಂದು ಅಪ್ಪ ಅದನ್ನು ಒಂದು ವಾರ ನನ್ನ ಕೈಗೆ ಕಟ್ಟಿದರು. "ಓಡಾಡ್ಕೊಂಡಿರ್ಲಾ, ನಿಲ್ಲಬಾರ್ದು ಅದು," ಅಂದರು. ಸ್ಕೂಲಿಗೆ, ಗದ್ದೆಗೆ, ಎಲ್ಲ ಕಡೆಗೂ ಕಟ್ಟಿಕೊಂಡು ಹೋದೆ. ಧಾರೆಯ ದಿನ ಬೆಳಿಗ್ಗೆ ಬಿಚ್ಚಿಸಿಕೊಂಡರು. ಮಣಿಕಟ್ಟಿನ ಮೇಲೆ ಬೆಲ್ಟಿನ ಗುರುತು ಮಾತ್ರ ಉಳಿಯಿತು. ಭಾವನ ಮೇಲೆ ನನಗೆ ಸಿಟ್ಟು ಬಂದಿದ್ದು ಬಹುಶಃ ಅದೊಂದೇ ದಿನ. ಇದನ್ನು ನೆಪ ಎಂದು ಹೇಳುತ್ತಿಲ್ಲ. ವಾಚಿನ ಹುಚ್ಚು ಎಲ್ಲಿಂದ ಹತ್ತಿತು ಎಂದು ನೀನು ಕೇಳುತ್ತಿದ್ದೆಯಲ್ಲ, ಅದಕ್ಕೆ ಹೇಳಿದೆ.

ಹುಚ್ಚು ನಿನಗೆ ಗೊತ್ತು, ಅದರ ಒಳಗು ಗೊತ್ತಿಲ್ಲ. ನನ್ನ ಡಬ್ಬಿಯಲ್ಲಿದ್ದ ವಾಚುಗಳಲ್ಲಿ ಒಂದೂ ಅಸಲಿಯಲ್ಲ. ಎಲ್ಲವೂ ಫಸ್ಟ್ ಕಾಪಿ. ದೊಡ್ಡ ದೊಡ್ಡ ಕಂಪನಿಗಳ ವಾಚುಗಳ ನಕಲು. ತಾಲ್ಲೂಕು ಆಫೀಸಿನ ಗುಮಾಸ್ತನ ಕೈಗೆ ಅಸಲಿ ಎಲ್ಲಿಂದ ಬರಬೇಕು? ಆದರೆ ನಕಲನ್ನು ನಕಲೆಂದೇ ತಿಳಿದು ತೂಗಿ ನೋಡುವುದರಲ್ಲಿ ಒಂದು ಸುಖವಿದೆ — ಇತ್ತು. ಕೈಯಲ್ಲಿ ಹಿಡಿದಾಗ ಭಾರ ಸರಿಯಿದೆಯೇ, ಡಯಲ್ಲಿನ ಅಕ್ಷರದ ಅಂಚು ಭೂತಗನ್ನಡಿಯಲ್ಲಿ ಒಡೆದು ಕಾಣುತ್ತದೆಯೇ, ತಾರೀಕು ಕಿಂಡಿಯ ನಡುವೆ ಕೂತಿದೆಯೇ ಎಂದು ನೋಡುವುದು. ಸರಿಯಿಲ್ಲದ್ದನ್ನು ಬಿಚ್ಚಿ ಸರಿ ಮಾಡುವುದು. ಹೊಸ ಮುಳ್ಳು ಹಾಕುವುದು, ಡಯಲ್ಲಿಗೆ ಚಹಾದ ಡಿಕಾಕ್ಷನ್ ಹಚ್ಚಿ ಒಣಗಿಸಿ ಮೂವತ್ತು ವರ್ಷ ಹಳತು ಮಾಡುವುದು. ಕೆ.ಆರ್.ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನಂಜುಂಡನಿಗೂ ಇದೇ ಹುಚ್ಚು. ಭಾನುವಾರಗಳಲ್ಲಿ ನಾವಿಬ್ಬರೂ ಶ್ರೀರಂಗಪಟ್ಟಣದಲ್ಲಿ ಸೇರುತ್ತಿದ್ದೆವು. ಹೋಟೆಲಿನ ಮೇಜಿನ ಮೇಲೆ ದೋಸೆ ತಟ್ಟೆ ಸರಿಸಿ ವಾಚು ಹರಡಿಕೊಂಡು, ಒಬ್ಬರು ಮಾಡಿದ್ದರಲ್ಲಿ ಇನ್ನೊಬ್ಬರು ತಪ್ಪು ಹುಡುಕುವುದು ನಮ್ಮ ಆಟ.

ಭಾವ ತೀರಿಕೊಂಡಾಗ ಅಸ್ಥಿ ಬಿಟ್ಟಿದ್ದೂ ಅದೇ ಶ್ರೀರಂಗಪಟ್ಟಣದಲ್ಲಿ. ನಿನ್ನ ಬಳೆ ತೆಗೆಸಿದ್ದರು. ನೀರಿನಿಂದ ಮೇಲೆ ಬಂದವಳು, ಮಗಳು ಸೌಮ್ಯಳ ಕೈಚೀಲದಿಂದ ಭಾವನ ವಾಚು ತೆಗೆದು, ಬಳೆ ಇದ್ದ ಜಾಗಕ್ಕೆ ಕಟ್ಟಿಕೊಂಡೆ. ಬೆಲ್ಟಿನ ಕೊನೆಯ ತೂತಿಗೆ ಹಾಕಿದರೂ ಸಡಿಲ. ದೊಡ್ಡಮ್ಮ, "ಗಂಡ್ಸಿನ ವಾಚು ಕಟ್ಕಂಡು ಯಾಕವ್ವ ಇಂಗೆ," ಅಂದದ್ದಕ್ಕೆ ನೀನು ಹೇಳಿದ್ದು ಒಂದೇ ಮಾತು: "ಕೈ ಆಡ್ತಿದ್ರೆ ಓಡ್ತದೆ ದೊಡ್ಡವ್ವ. ನಿಲ್ಲುಸ್ಬಾರ್ದು ಅಂತವ."

ಮತ್ತೆ ನೀನು ಅದನ್ನು ನಿಲ್ಲಿಸಲೂ ಇಲ್ಲ. ಟಿ.ವಿ. ನೋಡುವಾಗ ಸುಮ್ಮಸುಮ್ಮನೆ ಎಡಗೈ ಆಡಿಸುತ್ತ ಕೂರುತ್ತಿದ್ದೆ. ಒಂದು ಸಲ ಚಿಕುನ್‌ಗುನ್ಯಾ ಬಂದು ಕೀಲುಕೀಲು ಹಿಡಿದುಕೊಂಡು ಮಲಗಿದ್ದಾಗ, ಹಲ್ಲು ಕಚ್ಚಿಕೊಂಡು ಆ ಕೈಯನ್ನು ಎತ್ತಿ ಇಳಿಸುತ್ತಿದ್ದೆ. ಸೌಮ್ಯ ಬೈದಳು, ನೀನು ಕೇಳಲಿಲ್ಲ. ಅದನ್ನು ನಾನು ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಿದ್ದೇನೆ. ನೋಡಿದವನೇ ಆಮೇಲೆ ಹೀಗೆ ಮಾಡಿದ್ದು ಎಂಬುದನ್ನು ನೀನು ಮರೆಯಬೇಡ.

ಮೂರು ವರ್ಷದ ಹಿಂದೆ ಅದು ನಿಧಾನವಾಗಿ ಓಡತೊಡಗಿತು. ನೀನೇ ಬಿಚ್ಚಿ ನನ್ನ ಕೈಗಿಟ್ಟೆ.

"ಒಸಿ ಇಂದೆ ಬೀಳ್ತಾ ಅದೆ ಕಣ್ಲಾ. ಬಿಚ್ಚೋದಾದ್ರೆ ನೀನೇ ಬಿಚ್ಚು. ಅಂಗ್ಡಿಯೋರ ಕೈಗೆ ಕೊಟ್ಬುಡಬ್ಯಾಡ."

ಸರ್ವೀಸು ಮಾಡುವುದು ಎರಡು ದಿನದ ಕೆಲಸ. ನಾನು ಮಾಡಿದೆ, ಸರಿಯಾಯಿತು. ಆದರೆ ಅದನ್ನು ನನ್ನ ಡಬ್ಬಿಯಲ್ಲಿ, ಆ ನಕಲುಗಳ ನಡುವೆ ಇಟ್ಟಾಗ — ಹೇಗೆ ಹೇಳಲಿ. ಅಷ್ಟು ವರ್ಷ ನಾನು ಹೊಂದಿಸಿದ್ದೆಲ್ಲ ಅದರ ಪಕ್ಕದಲ್ಲಿ ಆಟದ ಸಾಮಾನಿನ ಹಾಗೆ ಕಂಡಿತು. ಇದರ ನಕಲು ಮಾಡಿ ನೋಡೋಣ ಅನ್ನಿಸಿತು. ಅಷ್ಟೇ ಮೊದಲು ಅನ್ನಿಸಿದ್ದು. ನಿನಗೆ "ಒಂದು ಪಾರ್ಟು ಬರಬೇಕು" ಎಂದು ಸುಳ್ಳು ಹೇಳಿ ತಿಂಗಳುಗಟ್ಟಲೆ ಕೂತೆ. ಅದೇ ಮಾದರಿಯ ಕಾಪಿ ತರಿಸಿದೆ. ಡಯಲ್ಲಿಗೆ ಚಹಾ ಹಚ್ಚಿದೆ. ಭಾವ ಕೆ.ಆರ್.ಎಸ್.ನಲ್ಲಿ ಗೇಟಿನ ಕೆಲಸ ಮಾಡುವಾಗ ಕಬ್ಬಿಣದ ಸರಳಿಗೆ ತಾಗಿ ಗಾಜಿನ ಅಂಚಿನಲ್ಲಿ ಒಂದು ಚಕ್ಕೆ ಎದ್ದಿತ್ತಲ್ಲ, ಆ ಚಕ್ಕೆಯನ್ನೂ ಅದೇ ಜಾಗದಲ್ಲಿ ಎಬ್ಬಿಸಿದೆ. ಮೂರು ಗಾಜು ಹಾಳಾದವು. ನಾಲ್ಕನೆಯದಕ್ಕೆ ಕೂತಿತು.

ಶ್ರೀರಂಗಪಟ್ಟಣದ ಹೋಟೆಲಿನಲ್ಲಿ ಎರಡನ್ನೂ ಬಟ್ಟೆಯ ಮೇಲಿಟ್ಟು, ಸೆಕೆಂಡಿನ ಮುಳ್ಳನ್ನು ನಿಲ್ಲಿಸಿ, ನಂಜುಂಡನ ಮುಂದೆ ಸರಿಸಿದೆ. ಅವನು ಎತ್ತಿ ಎತ್ತಿ ನೋಡಿದ. "ಗೊತ್ತಾಯ್ತಾ ಇಲ್ಲ ಕಣ್ಲಾ," ಅಂದವನು, ಕಡೆಗೆ ನಾನು ಮಾಡಿದ್ದನ್ನೇ ಅಸಲಿ ಎಂದು ಎತ್ತಿ ತೋರಿಸಿದ. ಆ ಖುಷಿ ಎಂಥದ್ದು ಎಂದು ನಿನಗೆ ಹೇಳಿದರೆ ನಾಚಿಕೆಯಾಗಬೇಕು. ಆಗ ಆಗಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗಲೇ ಇನ್ನೊಂದು ಯೋಚನೆ ಬಂತು: ನಂಜುಂಡ ಏನು ಮಹಾ, ಅಕ್ಕನಿಗೇ ಗೊತ್ತಾಗದಿದ್ದರೆ?

ಒಂದು ವಾರದ ಮಟ್ಟಿಗೆ ಅಂದುಕೊಂಡೆ. ಕಾಪಿಯ ಜೊತೆ ಬಂದಿದ್ದ ಆಟೊಮ್ಯಾಟಿಕ್ ಮಿಷನ್ನು ಕಳಪೆ, ನಡುವೆ ನಿಲ್ಲುತ್ತಿತ್ತು. ನಿಂತರೆ ನೀನು ಕೇಳುತ್ತೀಯ. ಅದನ್ನು ತೆಗೆದು ಶೆಲ್ಲಿನ ಮಿಷನ್ನು ಹಾಕಿದೆ. ಹಗುರಾಯಿತೆಂದು ಒಳಗೆ ಹಿತ್ತಾಳೆಯ ತುಂಡು ಅಂಟಿಸಿದೆ. ಭಾವನ ಬೆವರು ಹೀರಿದ್ದ ಬೆಲ್ಟನ್ನು ಬಿಚ್ಚಿ ಇದಕ್ಕೆ ಹಾಕಿದೆ. ನಾಗಮಂಗಲದ ನಿನ್ನ ಮನೆಗೆ ಬಂದು, ನಿನ್ನ ಕೈಗೆ ನಾನೇ ಕಟ್ಟಿದೆ.

ನೀನು ನೋಡಿದೆ. ನಂಜುಂಡನಿಗಿಂತ ಚೆನ್ನಾಗಿ ನೋಡಿದೆ. "ಮುಳ್ಳು ಯಾಕ್ಲಾ ಎಗರೆಗರ್ಕಂಡು ಓಡ್ತದೆ? ಮೊದ್ಲು ಜಾರ್ಕಂಡು ಓಡ್ತಿತ್ತಲ್ಲ."

ಅಲ್ಲೇ ನಕ್ಕು, ಸಿಕ್ಕಿಹಾಕಿಕೊಂಡೆ ಅಕ್ಕ ಎಂದು ಜೇಬಿನಿಂದ ಅಸಲಿ ತೆಗೆದು ಕೊಡಬಹುದಿತ್ತು. ಜೇಬಿನಲ್ಲೇ ಇತ್ತು ಅದು. ನಾನು ಹೇಳಿದ್ದು: "ಸರ್ವೀಸ್ ಮಾಡಿದ್ಮೇಲೆ ಅಂಗೇ ಅಕ್ಕ."

"ಅಂಗೋ," ಅಂದೆ ನೀನು. "ನಿಂಗೆ ತಿಳಿಯೋದು ನಮಗ್ಯಾಕೆ ತಿಳಿತದೆ, ಬುಡು."

ವಾರ ಕಳೆಯಿತು, ತಿಂಗಳು ಕಳೆಯಿತು. ಮೊದಮೊದಲು ಸಂಜೆ ಮನೆಯೊಳಗೆ ಅಸಲಿಯನ್ನು ಬೇರೆ ಬೆಲ್ಟಿಗೆ ಹಾಕಿ ಕಟ್ಟಿಕೊಂಡು ಕೂರುತ್ತಿದ್ದೆ. ಆಮೇಲೆ ಅದೂ ಬೇಡವಾಯಿತು. ಬೀರುವಿಗೆ ಹೋಯಿತು, ನಿಂತಿತು.

ಹೋದ ವರ್ಷ ಶ್ರಾವಣದಲ್ಲಿ ನಿನಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು. ಕಾಲು ಅಷ್ಟಿಷ್ಟು ಬಂತು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ನಾನು ನೋಡಲು ಬಂದಾಗ, ನಿನ್ನ ಎಡಗೈಯನ್ನು ದಿಂಬಿನ ಮೇಲಿಟ್ಟಿದ್ದರು, ವಾಚಿನ ಸಮೇತ. ನಿನ್ನ ಮಾತಿನ್ನೂ ತೊದಲುತ್ತಿತ್ತು. ಆದರೂ ನನ್ನನ್ನು ಹತ್ತಿರ ಕರೆದು, ಬಲಗೈಯ ಬೆರಳಿನಿಂದ ತೋರಿಸಿದೆ.

"ನೋಡ್ಲಾ. ಕೈ ಅಲ್ಲಾಡ್ದೆ ಎಷ್ಟ್ ದಿನ ಆಯ್ತು. ಇದು ನಿಂತಿಲ್ಲ. ಅವ್ರೇ ಓಡುಸ್ತಾವ್ರೆ ಕಣ್ಲಾ."

ನನಗೆ ಏನನ್ನಿಸಿತು ಎಂದು ಈಗ ಹುಡುಕಿದರೆ — ಏನೂ ಸಿಗುವುದಿಲ್ಲ. ಮರಗಟ್ಟಿದ್ದು ನಿನ್ನ ಕೈ, ಆದರೆ ಅಲ್ಲಿ ಕೂತಿದ್ದ ನನಗೂ ನನ್ನ ಮೈಯಲ್ಲಿ ಯಾವುದೂ ನನ್ನದು ಎನ್ನಿಸಲಿಲ್ಲ. ಸೌಮ್ಯ ಕಾಫಿ ಕೊಟ್ಟಳು. ಕುಡಿದೆ. ಸಕ್ಕರೆ ಕಡಿಮೆ ಎಂದು ಇನ್ನಷ್ಟು ಹಾಕಿಸಿಕೊಂಡೆ, ಅದು ನೆನಪಿದೆ.

ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ದಿನಾ ಬರುತ್ತಿದ್ದಳು. ಮೊದಲ ಕೆಲವು ತಿಂಗಳು ಮುಖ್ಯ, ಆಗ ಕೈಗೆ ಕೆಲಸ ಕೊಟ್ಟಷ್ಟೂ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರಂತೆ. ಬೆರಳು ಬಿಡಿಸಿ ಅಮ್ಮ, ಮಡಚಿ ಅಮ್ಮ ಎಂದು ಅವಳು ಗೋಗರೆದರೆ ನೀನು ಕಣ್ಣು ಮುಚ್ಚಿಕೊಂಡು, "ಬುಡು ತಾಯಿ, ನೋಯ್ತದೆ. ಆ ಕೈ ನೋಡ್ಕಳೋರು ಬ್ಯಾರೆ ಅವ್ರೆ," ಅನ್ನುತ್ತಿದ್ದೆ. ಸೌಮ್ಯ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು.

"ನೀವಾರ ಒಂದ್ ಮಾತ್ ಹೇಳಿ ಮಾವ. ನಿಮ್ ಮಾತ್ನ ಅವ್ವ ತೆಗೆದಾಕಲ್ಲ."

"ಹೇಳ್ತೀನಿ," ಅಂದೆ. ಹೇಳಲಿಲ್ಲ.

ಇಷ್ಟರವರೆಗೆ ಮಾಡಿದ್ದನ್ನು ಹುಡುಗಾಟ ಎಂದು ಯಾರಾದರೂ ಅಂದರೂ ಅನ್ನಬಹುದು. ಇನ್ನು ಮುಂದಿನದನ್ನು ಅನ್ನಲಾಗುವುದಿಲ್ಲ. ಗೌರಿ ಹಬ್ಬಕ್ಕೆ ಸೀರೆ ಹಿಡಿದುಕೊಂಡು ಬಂದೆ. ಭಾವ ಹೋದ ಮೇಲೆ ಬಾಗಿನ ನಿಂತಿತ್ತು, ಸೀರೆ ತರುವುದನ್ನು ನಾನು ನಿಲ್ಲಿಸಿರಲಿಲ್ಲ. ನಿನ್ನ ಪಕ್ಕ ಕೂತು ವಾಚು ನೋಡಿದೆ. ಸೆಕೆಂಡಿನ ಮುಳ್ಳು ಒಂದೊಂದೇ ಹೆಜ್ಜೆ ಇಡುವುದನ್ನು ಬಿಟ್ಟು, ಸ್ವಲ್ಪ ಹೊತ್ತು ನಿಂತು ಒಟ್ಟಿಗೆ ನಾಲ್ಕು ಹೆಜ್ಜೆ ಹಾರುತ್ತಿತ್ತು. ಶೆಲ್ಲು ಮುಗಿಯುತ್ತ ಬಂದರೆ ಆ ಮಿಷನ್ನು ಹಾಗೆ ಮಾಡುತ್ತದೆ. ಇನ್ನು ಕೆಲವು ದಿನ, ಆಮೇಲೆ ತಾನಾಗಿ ನಿಲ್ಲುತ್ತದೆ.

ನಾನು ಸುಮ್ಮನಿದ್ದಿದ್ದರೆ ಸಾಕಿತ್ತು ಅಕ್ಕ. ಏನೂ ಹೇಳಬೇಕಾಗಿರಲಿಲ್ಲ. ಅದು ನಿಲ್ಲುತ್ತಿತ್ತು. ನಿಂತಿದ್ದನ್ನು ನೋಡಿ ನೀನು ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತು — ಹಲ್ಲು ಕಚ್ಚಿಕೊಂಡು ಆ ಕೈ ಎತ್ತಲು ನೋಡುತ್ತಿದ್ದೆ. ಇವತ್ತು ಬೆರಳು, ನಾಳೆ ಮಣಿಕಟ್ಟು. ಕೈ ಬರುತ್ತಿತ್ತೋ ಇಲ್ಲವೋ, ಅದನ್ನು ಯಾರೂ ಹೇಳಲಾರರು. ಆದರೆ ನೀನು ಬಿಡುತ್ತಿರಲಿಲ್ಲ.

"ಬೆಲ್ಟು ಕೊಳೆಯಾಗ್ಬುಟ್ಟದೆ, ಒರೆಸ್ಕೊಡ್ತೀನಿ ತಾ ಅಕ್ಕ," ಅಂದೆ. ಬಿಚ್ಚಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ, ಹೊಸ ಶೆಲ್ಲು ಹಾಕಿ ತಂದು, ನಿನ್ನ ಕೈಗೆ ಮತ್ತೆ ಕಟ್ಟಿದೆ. ಬೆಲ್ಟು ಒರೆಸಲು ಮರೆತೇ ಹೋಗಿತ್ತು. ನೀನು ಅದನ್ನೂ ಕೇಳಲಿಲ್ಲ. ನನ್ನ ತಲೆ ಸವರಿದೆ.

ಆ ಹುಡುಗಿ ಈಗ ಬರುವುದಿಲ್ಲ. ಆ ಕೈ ಇನ್ನು ಇಷ್ಟೇ ಎಂದು ಡಾಕ್ಟರು ಹೇಳಿದರು ಎಂದು ಹೋದ ತಿಂಗಳು ಸೌಮ್ಯ ಫೋನು ಮಾಡಿದಳು. ನಾನು ಆಫೀಸಿನಲ್ಲಿದ್ದೆ. ಹೂಂ ಅಂದೆ. ಫೋನು ಇಟ್ಟು, ಅರ್ಧಕ್ಕೆ ಬಿಟ್ಟಿದ್ದ ಕೆಲಸ ಮುಗಿಸಿದೆ. ಅಳು ಬರಲಿಲ್ಲ, ಇನ್ನೂ ಬಂದಿಲ್ಲ. ಬರಬೇಕೆಂದು ಕಾಯುತ್ತ ಕೂತರೆ ಇನ್ನೂ ಮೂರು ವರ್ಷ ಹೋಗುತ್ತದೆ.

ಡಬ್ಬಿಯನ್ನು ನಂಜುಂಡನಿಗೆ ಕೊಟ್ಟುಬಿಟ್ಟೆ. ಯಾಕೆ ಅಂದ. ಕಣ್ಣು ಮಂಜಾಗ್ತದೆ ಅಂದೆ. ನೋಡು, ಅದೂ ಸುಳ್ಳೇ.

ಬರೆಯುತ್ತಿದ್ದವನು ಈಗ ಎದ್ದು, ಬೀರುವಿನಿಂದ ಭಾವನ ವಾಚು ತೆಗೆದು ಕಟ್ಟಿಕೊಂಡಿದ್ದೇನೆ. ಮೊದಲು ಓಡಲಿಲ್ಲ. ಅಂಗಳದಲ್ಲಿ ಕೈ ಬೀಸಿ ಬೀಸಿ ನಡೆದೆ. ಮುಳ್ಳು ಜಾರತೊಡಗಿತು. ನಿನ್ನ ಬಲಗೈಗೆ ಕಟ್ಟಿಬಿಟ್ಟರೆ ನಿನಗೂ ಓಡುತ್ತದೆ, ಬಾಯಿ ಬಿಡದೆ ಮುಗಿಸಬಹುದು ಎಂಬ ಯೋಚನೆಯೂ ಬಂದು ಹೋಯಿತು. ಅದೂ ಹೊಂದಿಸುವ ಕೆಲಸವೇ. ಯಾವ ಕೈಗೆ ಎಂದು ಆಮೇಲೆ ನೀನು ಹೇಳು, ಅಥವಾ ಇಬ್ಬರನ್ನೂ, ವಾಚನ್ನೂ ನನ್ನನ್ನೂ, ಆಚೆಗೆ ಹಾಕು.

ಭಾನುವಾರ ಬರುತ್ತೇನೆ. ನಿಂತ ವಾಚು ಕೊಡಬಾರದು ಎಂದು ಅಪ್ಪ ಅಂದಿದ್ದರಲ್ಲ, ಪಾಂಡವಪುರದಿಂದ ನಾಗಮಂಗಲದವರೆಗೂ ಕೈಯಲ್ಲೇ ಇರುತ್ತದೆ. ಈಗಿರುವ ನಕಲನ್ನು ಬಿಚ್ಚಿ, ನೀನು ಮೊದಲು ಕಟ್ಟಿಕೊಂಡಿದ್ದ ಎಡಗೈಗೇ ಇದನ್ನು ಕಟ್ಟುತ್ತೇನೆ. ಆ ಕೈ ಆಡುವುದಿಲ್ಲ. ಮಾರನೆಯ ದಿನ ಹೊತ್ತು ಮುಳುಗುವುದರೊಳಗೆ ಅದು ನಿಲ್ಲುತ್ತದೆ. ನಿಂತ ಮೇಲೆ ನೀನು ಕೇಳಲಿ ಎಂದು ಕಾಯುವುದಿಲ್ಲ. ಅದು ಇನ್ನೂ ಓಡುತ್ತಿರುವಾಗಲೇ ಹೇಳುತ್ತೇನೆ — ಅಕ್ಕ, ಓಡುಸ್ತಿದ್ದದ್ದು ಭಾವ ಅಲ್ಲ, ನಾನು ಶೆಲ್ಲು ಹಾಕಿದ್ದೆ.