ಸುವರ್ಣಾಳ ಕೈಯ ಸದ್ದು

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಈಗ ನೀವು ನಕ್ಕರೆ ಬೇಸರವಿಲ್ಲ. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಬರವಣಿಗೆಯಲ್ಲಿ ತಪ್ಪಿರಬಹುದು, ಸುಳ್ಳಿಲ್ಲ.

ಇಚಲಕರಂಜಿ ಪಕ್ಕದ ಕಬನೂರಿನಲ್ಲಿ ನಾನು ಪವರ್‌ಲೂಮ್ ನಡೆಸುತ್ತೇನೆ. ತಂಗಿ ಸುವರ್ಣಾ ತನ್ನ ಗಂಡ ತೀರಿಕೊಂಡ ಮೇಲೆ ಗಡಹಿಂಗ್ಲಜದಿಂದ ನನ್ನ ಮನೆಗೆ ಬಂದಳು. ಅವಳ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ಕೊಲ್ಹಾಪುರದಲ್ಲಿ ಡಯಾಲಿಸಿಸ್. ಅಲ್ಲಿಯ ಡಾಕ್ಟರ್ ಸಾಹೇಬರು ಆ ಯಂತ್ರಗಳ ನಡುವೆಯೇ ತಲೆ ಹಣ್ಣಾದವರು. ಸೂಜಿ ಚುಚ್ಚಲೆಂದು ಅವಳ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿದ್ದರು. ಅಲ್ಲಿ ರಕ್ತ ಓಡುವಾಗ ಸದ್ದಾಗುತ್ತದೆ. ಸದ್ದು ನಿಂತರೆ ನಾಳ ಮುಚ್ಚಿದಂತೆ. ಸಾಹೇಬರ ಸಂಶೋಧನೆ ಆ ಸದ್ದಿನ ಮೇಲೆಯೇ. ರೋಗಿಗಳ ಮನೆಯವರಿಗೆ ದಿನದಿನದ್ದು ಗುರುತು ಹಾಕಲು ಒಂದೊಂದು ವಹಿ ಕೊಟ್ಟಿದ್ದರು.

"ದಿನಾ ಮುಂಜಾನೆ ಮೊದಲ ಕೈಗೆ ಕಿವಿ ಹಚ್ಚ್ರಿ, ಆಮ್ಯಾಲೆ ಚಹಾ. ಸದ್ದು ಇದ್ರ ವಹ್ಯಾಗ ರೈಟ್ ಹಾಕ್ರಿ. ಇಲ್ಲಂದ್ರ ಅವತ್ತ ಬರ್ರಿ."

"ಹೌದ್ರಿ ಸಾಹೇಬ್ರ," ಎಂದೆ. ಮಗ್ಗದ ಗದ್ದಲಕ್ಕೆ ನನ್ನ ಕಿವಿ ಎಂದೋ ಮಂದವಾಗಿತ್ತು. ಹೇಳಲು ನಾಚಿಕೆಯಾಯಿತು. ಸುವರ್ಣಾಳ ಬೆರಳುಗಳು ಸಕ್ಕರೆ ರೋಗದಿಂದ ಜೋಮು ಹಿಡಿದಿದ್ದವು, ಮುಟ್ಟಿದರೆ ಸಿಗುವ ನಾಳದ ನಡುಕ ಅವಳಿಗೂ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಇದ್ದವರು ನಾವಿಬ್ಬರೇ. ಏಳು ತಿಂಗಳು ಏನೂ ಕೇಳಿಸದೆಯೇ ರೈಟ್ ಹಾಕಿದೆ. ಡಯಾಲಿಸಿಸ್ ಸರಿಯಾಗಿ ನಡೆಯುತ್ತಿತ್ತು. ಅದೇ ನನಗೆ ಧೈರ್ಯ.

"ನಾ ಹತ್ತ ಸಲ ಒದರಿದ್ರೂ ಕೇಳೂದಿಲ್ಲ, ಇದಷ್ಟ ಹೆಂಗ ಲಗೂನ ಕೇಳತೈತೋ ನಿನಗ!" ಎಂದು ಅವಳು ನಗುತ್ತಿದ್ದಳು.

ಅಂದು ವಾರದ ಕರೆಂಟ್ ಇಲ್ಲದ ದಿನ. ಓಣಿಯಲ್ಲಿ ಒಂದು ಮಗ್ಗವೂ ನಡೆಯುತ್ತಿರಲಿಲ್ಲ. "ಅಣ್ಣಾ, ಕೈ ಯಾಕೋ ಬ್ಯಾರೇನ ಅನಸ್ತೈತಿ. ಕೊಲ್ಹಾಪುರಕ್ಕ ಹೋಗಿ ಬರೂಣೇನು?" ಎಂದಳು. ಹೆದರಿ, ಮೊದಲ ಸಲ ಮನಸ್ಸಿಟ್ಟು ಕಿವಿ ಹಚ್ಚಿದೆ.

ಕೇಳಿಸಿತು. ಝುಂಯ್ ಝುಂಯ್ ಎಂದು, ಪಕ್ಕದಲ್ಲೇ ರಾಟೆಯ ಮೇಲೆ ನೂಲಿನ ಕಂಡಿಕೆ ಸುತ್ತಿದಂತೆ. ಉಸಿರು ಬಿಗಿಹಿಡಿದು ಮತ್ತೆ ಆಲಿಸಿದೆ. ಇತ್ತು. ಕಣ್ಣಲ್ಲಿ ನೀರು ಬಂತು.

"ಐತೇಳವಾ, ಭಾಳ ಜೋರ ಐತಿ. ನಾಳೆ ಹೆಂಗೂ ಡಯಾಲಿಸಿಸ್ ಪಾಳಿ ಐತಲ್ಲ," ಎಂದೆ.

ಮರುದಿನ ಅವಳ ಕೈ ಮುಟ್ಟುತ್ತಲೇ ಸಾಹೇಬರ ಮುಖ ಬಿಗಿಯಾಯಿತು. ಮಷೀನು ಹಚ್ಚಿ ನೋಡಿದರು. "ಇದು ಮುಚ್ಚಿ ಎರಡ ದಿವಸರೆ ಆಗೇತಿ. ನಿನ್ನೆ ಯಾಕ ಬರಲಿಲ್ಲ? ನಿನ್ನೆ ಸದ್ದು ಇತ್ತೇನ್ರಿ?"

"ಇತ್ತರಿ. ಈ ಕಿವೀಲೇ ಕೇಳೇನ್ರಿ."

"ಶಕ್ಯ ನಾಹೀ," ಎಂದರು. ಹಾಗಾಗುವುದು ಸಾಧ್ಯವೇ ಇಲ್ಲ ಎಂದು.

ಆಗಲಾದರೂ ಏಳು ತಿಂಗಳ ಸುಳ್ಳು ಒಪ್ಪಿಕೊಳ್ಳಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಮಂಚದ ಮೇಲಿಂದ ಸುವರ್ಣಾ, "ನಮ್ಮಣ್ಣ ಸುಳ್ಳ ಹೇಳೂದಿಲ್ರಿ," ಎಂದಳು. ನಾನು ವಹಿಯನ್ನು ಹಾಗೆಯೇ ಸಾಹೇಬರ ಕೈಗೆ ಕೊಟ್ಟೆ.

ಆ ನಾಳ ತೆರೆಯಲೇ ಇಲ್ಲ. ಡಯಾಲಿಸಿಸ್‌ಗೆಂದು ಕುತ್ತಿಗೆಗೆ ನಳಿಗೆ ಹಾಕಿದರು, ಅದರಿಂದ ನಂಜೇರಿ ಜ್ವರ ಬಂತು, ಮೂರು ವಾರದಲ್ಲಿ ಅವಳು ಹೋದಳು. ವಹಿ ಇನ್ನೂ ಸಾಹೇಬರ ಬಳಿಯೇ ಇದೆ. ನಾನು ಕೇಳದೆ ರೈಟ್ ಹಾಕಿದ ದಿನಗಳಲ್ಲೆಲ್ಲ ಆ ಕೈಯಲ್ಲಿ ರಕ್ತ ಓಡುತ್ತಿತ್ತು. ಕಿವಿಯಾರೆ ಕೇಳಿದ್ದು ಒಂದೇ ದಿನ. ಅಂದು ಅಲ್ಲಿ ಏನೂ ಇರಲಿಲ್ಲವಂತೆ. ಹಾಗಾದರೆ ನಾನು ಕೇಳಿದ್ದು ಏನನ್ನು, ನನಗೆ ಇಂದಿಗೂ ತಿಳಿದಿಲ್ಲ.