ದುರ್ಗದ ಧೂಳು ಮತ್ತು ನಮ್ಮ ಮೇಡಂ

ಮೊನ್ನೆ ಅಟ್ಟದಿಂದ ಟ್ರಂಕು ಇಳಿಸಿದಾಗ ಹಳೇ ಕಾಲದ ಕಂಪ್ಯೂಟರಿಗೆ ಪ್ರೋಗ್ರಾಮು ಉಣಿಸುತ್ತಿದ್ದ, ತೂತು ಹೊಡೆದ ಕಾಗದದ ಸುರುಳಿಯೊಂದು ಸಿಕ್ಕಿತು. ಮೂಗಿಗೆ ಹಿಡಿದರೆ ಇನ್ನೂ ಮೆಷಿನ್ ಎಣ್ಣೆಯ ವಾಸನೆ... ನಮ್ಮ ಮೇಡಂ ನೆನಪಾದರು.

ಎಪ್ಪತ್ತರ ದಶಕದ ಕೊನೆಯ ಮಾತು. ಚಿತ್ರದುರ್ಗದಲ್ಲಿ ಅದಿರು ಪರೀಕ್ಷಿಸುವ ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಿತ್ತು. ಬೀರುವಿನಷ್ಟು ದೊಡ್ಡದು, ನಮಗಿಲ್ಲದ ಕೂಲರ್ ಅದಕ್ಕಿತ್ತು! ನಾನು ಅದರ ಆಪರೇಟರ್. ಮೇಡಂ ಇಂಜಿನಿಯರ್, ತುರುವನೂರು ಕಡೆಯ ಕುರಿ ಸಾಕುವವರ ಮನೆಯ ಮಗಳು. ಓದಿದ್ದು ಬೆಂಗಳೂರಿನಲ್ಲಾದರೂ ಮಾತು ಅಪ್ಪಟ ದುರ್ಗದ್ದು.

ಆ ಬೇಸಿಗೆಯಲ್ಲಿ ಯಂತ್ರ ಕೆಲಸದ ನಡುವೆ ಇದ್ದಕ್ಕಿದ್ದಂತೆ ನಿಲ್ಲತೊಡಗಿತು. ಮತ್ತೆ ಚಾಲೂ ಮಾಡಿದರೆ ಒಂದಷ್ಟು ಹೊತ್ತು ಓಡಿ, ಮತ್ತೆ ಅದೇ ಕತೆ. ಬೆಂಗಳೂರಿನಿಂದ ಬಂದ ದೊಡ್ಡ ಸಾಹೇಬರು ಕಿಟಕಿಯ ಮೇಲೆ ಬೆರಳೆಳೆದು, "ಈ ಧೂಳಿನ ಊರಲ್ಲಿ ಕಂಪ್ಯೂಟರ್ ಬಾಳೋದಿಲ್ಲ. ವಾಪಸ್ ಕಳಿಸೋಣ" ಎಂದರು. ನನಗೆ ಮೈಯೆಲ್ಲ ಉರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಒಳಗೇ ಗೊಣಗಿಕೊಂಡೆ.

ಮೇಡಂ ಒಂದು ವಾರ ಗಡುವು ಕೇಳಿದರು. ಸಾಹೇಬರು ಹೋದ ಮೇಲೆ ನನ್ನತ್ತ ತಿರುಗಿ, "ಹಿಂಡಿಗೆ ರೋಗ ಬಂದ್ರೆ ನಮ್ಮಪ್ಪ ಹುಲ್ಲುಗಾವಲು ಬಯ್ಯಲ್ಲ ಕಣಪ್ಪ. ಕೊನೆಗೆ ಬಂದು ಸೇರಿದ ಕುರಿ ಯಾವ್ದೈತೆ, ಅದನ್ನ ಬ್ಯಾರೆ ಕಟ್ತಾನೆ. ನಾವೂ ಹಂಗೇ ಮಾಡಾಣ" ಎಂದರು.

ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮಿಗೆ ಕೊನೆಗೆ ಸೇರಿಸಿದ್ದು, ಡಿಸ್ಕಿನಲ್ಲಿ ಫೈಲುಗಳನ್ನು ಇಡುವ, ತೆಗೆಯುವ ಭಾಗ. ಅದನ್ನು ಬಿಟ್ಟು ಓಡಿಸಿದೆವು. ಅದೇ ಧೂಳು, ಅದೇ ಸೆಕೆ, ಯಂತ್ರ ನಿಲ್ಲಲಿಲ್ಲ. ಮತ್ತೆ ಸೇರಿಸಿ, ಒಂದಾದ ಮೇಲೊಂದು ಫೈಲು ತುಂಬಿದೆವು. ನಿಂತಿತು! ಫೈಲು ಹೆಚ್ಚಿದಂತೆ ಆ ಭಾಗ ಮೆಮೊರಿಯಲ್ಲಿ ತನ್ನ ಬದು ದಾಟಿ, ಮೂಲ ಪ್ರೋಗ್ರಾಮಿನ ಮೇಲೆಯೇ ಬರೆಯುತ್ತಿತ್ತು.

ನಾನು ಕುಣಿದಾಡಿದೆ. ಮೇಡಂ ಮಾತ್ರ ಆಗಲೇ ಹಾಳೆ ಮುಂದಿಟ್ಟುಕೊಂಡು ತಿದ್ದತೊಡಗಿದ್ದರು... ಆ ಭಾಗವನ್ನು ಬರೆದವರು ಅವರೇ. ಬಾಯಿ ಬಿಡದಿದ್ದರೆ ಯಂತ್ರ ಬೆಂಗಳೂರಿಗೆ ಹೋಗುತ್ತಿತ್ತು, ಅವರ ಹೆಸರಿಗೆ ಒಂದು ಚುಕ್ಕೆಯೂ ತಾಗುತ್ತಿರಲಿಲ್ಲ.

ಸಾಹೇಬರು ಮತ್ತೆ ಬಂದಾಗ ಮೇಡಂ ಎಲ್ಲರ ಎದುರು ಎದ್ದು ನಿಂತರು. "ಧೂಳಿಂದಲ್ಲ ಸಾರ್. ನಾನು ಬರೆದಿದ್ರಾಗೇ ತಪ್ಪೈತೆ. ತಿದ್ದೀನಿ, ನೋಡ್ರಿ."

ಸಾಹೇಬರು ಸಂಜೆಯವರೆಗೂ ನೋಡಿದರು. ಯಂತ್ರ ದುರ್ಗದಲ್ಲೇ ಉಳಿಯಿತು. ಮೇಡಂಗೆ ಬರಬೇಕಿದ್ದ ಬಡ್ತಿ ಮಾತ್ರ ಬರಲಿಲ್ಲ. ಅಂಥವರ ಕೈಕೆಳಗೆ ದುಡಿದವನು ನಾನು ಎಂದು ಇವತ್ತಿಗೂ ಜಂಬದಿಂದಲೇ ಹೇಳುತ್ತೇನೆ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅವರ ಮೊಮ್ಮಗಳು ಹತ್ತಿರ ಬಂದು, "ಆಫೀಸಲ್ಲಿ ನಮ್ಮಜ್ಜಿ ಹೆಂಗಿದ್ರು?" ಎಂದು ಕೇಳಿದಳು. ಹೇಳಿದೆ:

"ಊರಿನ ಮ್ಯಾಲೆ ಬಂದಿದ್ದ ಮಾತನ್ನ ತಮ್ಮ ಮ್ಯಾಲೆ ತಗಂಡ್ರು ಕಣವ್ವ."