ಗಂಟಲಿತ್ತು, ಮೂಗಿರಲಿಲ್ಲ

ಆ ಬಡಾವಣೆಯಲ್ಲಿ ಅವನನ್ನು ಎಲ್ಲರೂ ಹೊಗೆಮಾಮ ಎನ್ನುತ್ತಾರೆ. ಹೆಸರು ಕೇಳಿ ಸಿಗರೇಟಿನ ಆಸಾಮಿ ಎಂದುಕೊಳ್ಳಬೇಡಿ, ಜನ್ಮದಲ್ಲಿ ಒಂದನ್ನೂ ಮುಟ್ಟಿದವನಲ್ಲ. ಮೂವತ್ತು ವರ್ಷ ಮನೆಗಳಿಗೆ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್. ಸ್ವಿಚ್‌ಬೋರ್ಡು ಕೂದಲೆಳೆಯಷ್ಟು ಓರೆಯಾದರೂ ಬಿಚ್ಚಿ ಮತ್ತೆ ಕೂರಿಸುವವನು. "ಕರೆಂಟಿಗೆ ಕಣ್ಣಿಲ್ಲ, ನಮಗಾದ್ರೂ ಇರ್ಬೇಕು" ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವವನು. ಅಂಥವನಿಗೆ ಈ ಹೆಸರು ಬಿದ್ದದ್ದು ಐದು ವರ್ಷದ ಹಿಂದೆ, ಅವನ ಭಾವ ಸತ್ತ ಮೇಲೆ.

ಭಾವ ಎಂದರೆ ಅಕ್ಕನ ಗಂಡ, ಸೋಫಾ ರಿಪೇರಿ ಮಾಡುತ್ತಿದ್ದವರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಹಳೇ ಸೋಫಾಗಳ ಹೊಟ್ಟೆ ಬಗೆದು ಹೊಸ ಫೋಮು ತುಂಬಿ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಮಾತಾಡುವ ಮನುಷ್ಯ. ಆ ಮನೆ ಕಟ್ಟಿದಾಗ ವೈರಿಂಗ್ ಮಾಡಿದ್ದು ಭಾವಮೈದುನನಾದ ಇವನೇ. ಮುಂದಿನ ಕೋಣೆಗೆ, ನಡುಹಾದಿಗೆ, ಮಲಗುವ ಕೋಣೆಗೆ ಒಂದೊಂದು ಸ್ಮೋಕ್ ಅಲಾರಂ ಕೂರಿಸಿ, ಒಂದು ಕೂಗಿದರೆ ಮೂರೂ ಕೂಗುವಂತೆ ತಂತಿ ಎಳೆದಿದ್ದ. ಮನೆಯ ಕರೆಂಟಿನಲ್ಲೇ ನಡೆಯುವಂಥವು. ಹದಿನಾಲ್ಕು ವರ್ಷ ಚಾವಣಿಯಲ್ಲಿ ಪುಟ್ಟ ಹಸಿರು ದೀಪ ಉರಿಸಿಕೊಂಡು ಕೂತಿದ್ದವು. ಅವುಗಳತ್ತ ಯಾರೂ ತಲೆ ಎತ್ತಿ ನೋಡಿರಲಿಲ್ಲ.

ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿಗೆ ಅಲಾರಂ ಬದಲಾಯಿಸಲು ಬಂದವನೊಬ್ಬ, ಇವಕ್ಕೆ ಹತ್ತೇ ವರ್ಷ ಆಯಸ್ಸು ಎಂದಿದ್ದ. ಅಂದು ಸಂಜೆಯೇ ಅಕ್ಕ ತಮ್ಮನಿಗೆ ಫೋನು ಮಾಡಿದಳು. ಎರಡು ದಿನ ಬಿಟ್ಟು ಅವನು ಬಂದ, ಬೇರೆ ಕೆಲಸದ ದಾರಿಯಲ್ಲಿ, ಗಾಡಿಯ ಎಂಜಿನ್ ಕೂಡ ಆರಿಸದೆ. ಒಳಗೆ ಬಂದವನೇ ಕಸಪೊರಕೆಯ ಹಿಡಿಯಿಂದ ಅಲಾರಮಿನ ಗುಂಡಿ ಒತ್ತಿದ. ಮೂರೂ ಒಟ್ಟಿಗೆ ಚೀರಿಕೊಂಡವು. ಭಾವನ ಬಾಯಿಂದ ಮೊಳೆಗಳು ಉದುರಿದವು.

"ನೋಡಿದ್ಯಾ ಅಕ್ಕ? ಇನ್ನೂ ನಿನಗಿಂತ ಜೋರಾಗೇ ಕೂಗ್ತವೆ."

"ಹಾಗಲ್ಲ ಕಣೋ, ಬೆನ್ನಿಗೆ ತಾರೀಕು ಬರೆದಿರುತ್ತಂತೆ. ಇಳಿಸಿ ಒಂದ್ಸಲ ನೋಡು."

"ತಾರೀಕು ನೋಡೋಕೆ ಇದೇನು ಕೆಮ್ಮಿನ ಔಷಧೀನಾ? ಹಸಿರು ದೀಪ ಉರೀತಿದೆ, ಕೂಗ್ತಿದೆ, ಇನ್ನೇನು ಬೇಕು? ಸುಮ್ನಿರು."

"ಬಿಡೇ, ಅವನಿಗೆ ಗೊತ್ತಿಲ್ದೇ ಇರುತ್ತಾ?" ಎಂದರು ಭಾವ, ಮೊಳೆ ಹೆಕ್ಕುತ್ತಾ.

ಏಣಿ ಗಾಡಿಯಲ್ಲೇ ಇತ್ತು, ಬಾಗಿಲಿಂದ ಇಪ್ಪತ್ತು ಹೆಜ್ಜೆ. ಬೇರೆಯವರ ಮನೆಯಾಗಿದ್ದರೆ ತರುತ್ತಿದ್ದ, ಹತ್ತುತ್ತಿದ್ದ, ಇಳಿಸಿ ನೋಡುತ್ತಿದ್ದ. ಅಕ್ಕನ ಮನೆ, ಸಲಿಗೆಗೆ ಸೋಮಾರಿತನ ಸೇರಿಕೊಂಡಿತು.

ತಿಂಗಳು ಕಳೆದಿರಲಿಲ್ಲ. ಭಾವನಿಗೆ ಜ್ವರ. ಬೆಳಗ್ಗೆ ಮಾತ್ರೆ ನುಂಗಿ ಒಳಗಿನ ಕೋಣೆಯಲ್ಲಿ ಮಲಗಿದರು, ಅಕ್ಕ ಕೆಲಸಕ್ಕೆ ಹೋದಳು. ಮುಂದಿನ ಕೋಣೆಯಲ್ಲಿ ಫೋಮಿನ ರಾಶಿಯ ಕೆಳಗೆ ಸಿಕ್ಕಿಕೊಂಡಿದ್ದ ಎಕ್ಸ್‌ಟೆನ್ಷನ್ ಬಾಕ್ಸು ಕಾದು ಕಾದು ಫೋಮಿಗೆ ಹತ್ತಿಕೊಂಡಿತು. ಮೊದಮೊದಲು ಉರಿಯಲಿಲ್ಲ, ಗಂಟೆಗೂ ಮಿಕ್ಕಿ ಬರೀ ಹೊಗೆಯಾಡಿತು. ಮೂರರಲ್ಲಿ ಒಂದು ಅಲಾರಮೂ ಕೂಗಲಿಲ್ಲ. ಪಕ್ಕದ ಮನೆಯಾಕೆ ಕಿಟಕಿಯ ಸಂದಿಯಲ್ಲಿ ಹೊಗೆ ಕಂಡು ಕಿರುಚುವ ಹೊತ್ತಿಗೆ ಹನ್ನೊಂದು ದಾಟಿತ್ತು.

ಅವನು ಓಡಿ ಬಂದಾಗ ಅಗ್ನಿಶಾಮಕದವರು ನೀರು ಹೊಡೆದು ಮುಗಿಸಿದ್ದರು. ಬೆಂಕಿ ತಿಂದಿದ್ದು ಒಂದು ಮೂಲೆಯನ್ನಷ್ಟೇ: ಫೋಮಿನ ರಾಶಿ, ಮೇಜಿನ ಒಂದು ಕಾಲು, ಅರ್ಧ ಪರದೆ. ಚಾವಣಿ ಮಾತ್ರ ಒಳಕೋಣೆಯವರೆಗೂ ಮಸಿ. ಭಾವ ಎದೆಯವರೆಗೆ ಹೊದ್ದುಕೊಂಡು ಮಲಗಿದಂತೆಯೇ ಇದ್ದರು. ಮೂಗಿನ ಹೊಳ್ಳೆಗಳ ಸುತ್ತ ಕಾಡಿಗೆ ತೀಡಿದಂತೆ ಕಪ್ಪು.

ಅಗ್ನಿಶಾಮಕದ ಅಧಿಕಾರಿ ನಡುವಯಸ್ಸಿನ ಹೆಂಗಸು. ಮೂರೂ ಅಲಾರಂಗಳನ್ನು ಬಿಚ್ಚಿಸಿ, ನಡುಹಾದಿಯದರ ಬೆನ್ನಿನ ಮಸಿಯನ್ನು ಹೆಬ್ಬೆರಳಿನಿಂದ ಒರೆಸಿದರು.

"ಇದನ್ನ ಹಾಕಿದ್ದು ಯಾರು?"

"ನಾನೇ."

"ಇತ್ತೀಚೆಗೆ ಯಾರಾದ್ರೂ ನೋಡಿದ್ರಾ?"

"ನಾನೇ. ಹೋದ ತಿಂಗಳು. ಗುಂಡಿ ಒತ್ತಿದೆ, ಕೂಗ್ತು ಮೇಡಂ."

"ಕೂಗೇ ಕೂಗುತ್ತೆ. ಗುಂಡಿ ಒತ್ತಿದ್ರೆ ಗೊತ್ತಾಗೋದು ಗಂಟಲು ಸರಿ ಇದೆ ಅಂತ ಅಷ್ಟೆ. ಹೊಗೆ ಮೂಸೋ ಮೂಗು ಬೇರೆ. ಹತ್ತು ವರ್ಷ ಆದ್ಮೇಲೆ ಆ ಮೂಗನ್ನ ನಂಬೋ ಹಾಗಿಲ್ಲ. ಇದಕ್ಕೆ ಹದಿನಾಲ್ಕು ಆಗಿದೆ."

ಆಕೆ ಬೈಯಲಿಲ್ಲ. ಕಾಗದದಲ್ಲಿ ಏನೋ ಬರೆದುಕೊಂಡು ಮುಂದೆ ಹೋದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿದ್ದು ಆಮೇಲೆ.

ಅಕ್ಕನನ್ನು ತನ್ನ ಮನೆಗೇ ಕರೆದುಕೊಂಡು ಬಂದ. ಎರಡು ವಾರ ಬಂದವರು ಹೋದವರು ಎಲ್ಲರ ಮುಂದೆ ಅವಳದು ಒಂದೇ ಮಾತು: "ನನ್ನ ತಮ್ಮ ಬಂದು ನೋಡಿದ್ದ. ಎಲ್ಲ ಸರಿಯಾಗೇ ಇತ್ತು. ಹಣೆಬರಹಕ್ಕೆ ಹೊಣೆ ಯಾರು?" ಕೇಳಿಸಿಕೊಂಡಾಗಲೆಲ್ಲ ಅವನು ಎದ್ದು ಹಿತ್ತಿಲಿಗೆ ಹೋಗುತ್ತಿದ್ದ. ಅಧಿಕಾರಿ ಹೇಳಿದ್ದು ಅವಳ ಕಿವಿಗೆ ಬಿದ್ದಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು. ಹೆಂಡತಿಯೂ ಹಾಗೇ ಹೇಳಿದಳು. "ಸತ್ತವರು ಎದ್ದು ಬರ್ತಾರಾ? ಮಗಳು ಗಂಡನ ಊರಿಗೆ ಹೋಗಾಯ್ತು, ಇಲ್ಲಿ ಅವಳಿಗೆ ಉಳಿದಿರೋನು ನೀನೊಬ್ಬ. ಅದನ್ನೂ ಕಿತ್ಕೋಬೇಡ."

ಒಂದು ಬೆಳಗ್ಗೆ, ಅಂದು ಹೊಗೆ ಕಂಡು ಕಿರುಚಿದ್ದ ಪಕ್ಕದ ಮನೆಯಾಕೆ ನೋಡಲು ಬಂದಾಗ ಅಕ್ಕ ಮತ್ತೆ ಅದನ್ನೇ ಹೇಳಿದಳು. ಆಕೆ ಹೋಗುವುದನ್ನೇ ಕಾದು ಅವನು ಬಾಯಿ ಬಿಟ್ಟ.

"ಸರಿ ಇರ್ಲಿಲ್ಲ ಅಕ್ಕ. ಆ ಅಲಾರಂಗಳ ಅವಧಿ ನಾಲ್ಕು ವರ್ಷದ ಹಿಂದೇ ಮುಗಿದಿತ್ತು. ನೀನು ಹೇಳ್ದೆ, ನಾನು ಇಳಿಸಿ ನೋಡ್ಲಿಲ್ಲ."

ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಕೈಯಲ್ಲಿದ್ದ ಟವೆಲನ್ನು ನಾಲ್ಕು ಮಡಿಕೆ ಮಾಡಿ ಇಟ್ಟ ಮೇಲೆ ಕೇಳಿದಳು:

"ಏಣಿ ತಂದಿರ್ಲಿಲ್ವಾ ಅವತ್ತು?"

"ಗಾಡೀಲಿತ್ತು."

ಅಷ್ಟೇ. ಅಳಲಿಲ್ಲ, ಶಪಿಸಲಿಲ್ಲ. ಮಧ್ಯಾಹ್ನದೊಳಗೆ ತನ್ನ ಚೀಲ ಹಿಡಿದು, ಮಸಿ ಮೆತ್ತಿದ ತನ್ನ ಮನೆಗೆ ಹೊರಟುಹೋದಳು. ಅವನ ಹೆಂಡತಿ ಬೀದಿಯವರೆಗೂ ಹಿಂದೆ ಹೋಗಿ ಕೈ ಹಿಡಿದು ಬೇಡಿಕೊಂಡಳು. ಅಕ್ಕ ಕೈ ಬಿಡಿಸಿಕೊಂಡಳು.

ಮೂರನೇ ದಿನ ಅವನು ಹಳೇ ಕೆಲಸದ ಡೈರಿಗಳನ್ನು ಅಟ್ಟದಿಂದ ಇಳಿಸಿದ. ಅಲಾರಂ ಹಾಕಿ ಹತ್ತು ವರ್ಷ ದಾಟಿದ ಮನೆಗಳು ನಲವತ್ತೊಂದು ಸಿಕ್ಕವು. ಒಂದೊಂದರ ಬಾಗಿಲನ್ನೂ ತಟ್ಟತೊಡಗಿದ. ಹೆಸರು ಬಿದ್ದದ್ದು ಆಗಲೇ. ಕೆಲವರು ಇದೇನೋ ಮಾರಾಟದ ಹೊಸ ವರಸೆ ಎಂದು ಬಾಗಿಲು ಹಾಕಿಕೊಂಡರು. "ಏನ್ ಮಾಮ, ನಮಗೂ ಹೊಗೆ ಹಾಕ್ಸೋಕೆ ಬಂದ್ರಾ?" ಎಂದು ಒಬ್ಬ ಹಲ್ಲು ಕಿರಿದ. ಇವನು ನಗದೆ ಏಣಿ ಬಿಡಿಸಿದ.

ನಿವೃತ್ತ ಹೆಡ್‌ಮೇಡಂ ಒಬ್ಬರು ಊರುಗೋಲು ಎತ್ತಿ ತಾವೇ ಗುಂಡಿ ಒತ್ತಿ ತೋರಿಸಿದರು. "ಕೂಗ್ತಿದೆಯಲ್ಲಪ್ಪ! ಚೆನ್ನಾಗಿರೋದನ್ನ ಯಾಕೆ ಕೀಳ್ತೀಯ?"

ಅವರ ಹೊಸ್ತಿಲಲ್ಲಿ ನಿಂತು ಅವನು ಮೊದಲ ಸಲ ಪರರ ಮುಂದೆ ಎಲ್ಲ ಹೇಳಿದ. ಭಾವನ ಮೂಗಿನ ಕಪ್ಪನ್ನೂ ಬಿಡಲಿಲ್ಲ. ಮೇಡಂ ದಾರಿಗೆ ಅಡ್ಡವಿದ್ದ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡರು. ಅಂದಿನಿಂದ ಪ್ರತಿ ಮನೆಯಲ್ಲೂ ಹೇಳಿದ. ಹೇಳಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರಲ್ಲ, ಅವನಿಗೆ ಹಾಗಾಗಲಿಲ್ಲ. ಹಕ್ಕಳೆ ಕಿತ್ತ ಗಾಯದಂತೆ ಪ್ರತಿಸಲವೂ ಹಸಿಯಾಯಿತು. ಆದರೆ ಕೆಲಸ ನಡೆಯಿತು. ಮೇನ್ ಆಫ್ ಮಾಡುವುದು, ಟೆಸ್ಟರ್ ಹಿಡಿದು ನೋಡುವುದು, ಹಳೆಯದರ ಜೊತೆ ಅದರ ತಳದ ತಟ್ಟೆಯನ್ನೂ ಕೀಳುವುದು, ಯಾಕೆಂದರೆ ಹೊಸದು ಹಳೇ ತಟ್ಟೆಯಲ್ಲಿ ಕೂರುವುದಿಲ್ಲ. ಕೆಳಗಿನಿಂದಲೇ ಓದುವಂತೆ ದಪ್ಪ ಅಕ್ಷರದಲ್ಲಿ ವರ್ಷ ಬರೆಯುವುದು. ಕೊನೆಗೆ ಪರೀಕ್ಷೆಯ ಹೊಗೆಯನ್ನೇ ಡಬ್ಬಿಯಿಂದ ಊದಿ, ಮೂಸಿತೋ ಇಲ್ಲವೋ ನೋಡುವುದು.

ಒಂದೂವರೆ ವರ್ಷದ ಮೇಲೆ ಅಕ್ಕನ ಫೋನು ಬಂತು.

"ಮಗಳು ಬಾಣಂತನಕ್ಕೆ ಬರ್ತಾಳೆ. ಅಲಾರಂ ಹಾಕ್ಬೇಕು."

"ಬೇರೆ ಯಾರನ್ನಾದ್ರೂ ಕಳಿಸ್ಲಾ ಅಕ್ಕ?"

"ನೀನೇ ಬಾ."

ಗೋಡೆಗೆ ಹೊಸ ಬಣ್ಣ ಬಳಿದಿದ್ದರು. ಚಾವಣಿಯಲ್ಲಿ ಮೂರು ಬೋಳು ತಟ್ಟೆಗಳು ಹಾಗೇ ಇದ್ದವು. ಇಷ್ಟು ದಿನವೂ ಅವಳು ಅವುಗಳ ಕೆಳಗೇ ಒಬ್ಬಳೇ ಮಲಗಿದ್ದಳು. ಅವನು ಏಣಿ ಹತ್ತಿದಾಗ ಬಂದು ಬುಡ ಹಿಡಿದುಕೊಂಡಳು.

"ತಾರೀಕು ಓದು."

ಓದಿದ. ಮೂರು ಕೋಣೆಯಲ್ಲೂ ಓದಿಸಿದಳು, ಮಗುವಿಗೆ ಪಾಠ ಒಪ್ಪಿಸಿಕೊಳ್ಳುವವಳ ಹಾಗೆ. ಡಬ್ಬಿಯ ಹೊಗೆಗೆ ಮೂರೂ ಕೂಗಿ ನಿಂತ ಮೇಲೆ ಕೇಳಿದಳು:

"ಇವು ಎಷ್ಟು ವರ್ಷಕ್ಕೆ?"

"ಹತ್ತು."

"ಹತ್ತು ವರ್ಷಕ್ಕೆ ನೀನೇ ಬಂದು ಬದಲಾಯಿಸ್ಬೇಕು."

"ಬರ್ತೀನಿ ಅಕ್ಕ."

"ಅಲ್ಲೀವರೆಗೆ ಬರ್ಬೇಡ."

ಅವನು ಏಣಿ ಮಡಚಿ ಹೊರಗೆ ಬಂದ. ಅದನ್ನು ಗಾಡಿಗೆ ಕಟ್ಟಿ ಹೊರಟ.

ಮಾತು ಉಳಿಸಿಕೊಂಡಿದ್ದಾನೆ, ಆ ಬೀದಿಯನ್ನೇ ತುಳಿದಿಲ್ಲ. ಮೊನ್ನೆ ಆಸ್ಪತ್ರೆಯಲ್ಲಿ ಮೊಣಕಾಲು ತೋರಿಸಲು ಸಾಲಿನಲ್ಲಿ ನಿಂತಿದ್ದಾಗ ಅಕ್ಕ ಬಟ್ಟೆಯ ಗಾಡಿ ತಳ್ಳಿಕೊಂಡು ಎದುರಿಗೇ ಬಂದಳು. ಕೂದಲು ಪೂರಾ ಬೆಳ್ಳಗಾಗಿತ್ತು. ದಾಟಿಹೋದವಳು ಎರಡು ಹೆಜ್ಜೆ ಮುಂದೆ ನಿಂತಳು.

"ಕಾಲಿಗೇನಾಯ್ತು?"

"ಏಣಿ ಹತ್ತುವಾಗ ನೋಯುತ್ತೆ."

"ಎಣ್ಣೆ ಹಚ್ಚು," ಎಂದಳು, ಅವನ ಮುಖ ನೋಡದೆ. ಗಾಡಿ ತಳ್ಳಿಕೊಂಡು ತಿರುವಿನಲ್ಲಿ ಮರೆಯಾದಳು.